ಕಾರವಾರದ ಕಡಲಂಚಿನಲ್ಲಿ ಘೇಂಡಾಮೃಗದ ಜಾಡು

ಬಿಣಗಾದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಅಂಜದೀವ ನಡುಗಡ್ಡೆ ಕಾಣುತ್ತದೆ. ಆಡಳಿತದ ಲೆಕ್ಕದಲ್ಲಿ ಅದು ಗೋವೆಯದು. ಇರುವುದು ಮಾತ್ರ ಕಾರವಾರದ ಕೂಗಳತೆಯಲ್ಲಿ. ಈಗ ನೌಕಾನೆಲೆಯ ಅಲೆತಡೆಗೋಡೆ ಅದನ್ನು ದಡಕ್ಕೆ ಜೋಡಿಸಿದೆ, ಮನಸ್ಸು ಬಂದಾಗ ದೋಣಿ ಹತ್ತಿ ಹೋಗುವ ಜಾಗವಲ್ಲ. ಸುಮಾರು 1342ರಲ್ಲಿ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ ಗೋವೆಯಿಂದ ಹೊನ್ನಾವರಕ್ಕೆ ಹೋಗುವಾಗ ದಡಕ್ಕೆ ಹತ್ತಿರದ ಒಂದು ಸಣ್ಣ ನಡುಗಡ್ಡೆಯಲ್ಲಿ ಇಳಿದ. ಅಲ್ಲಿ ಗುಡಿ, ತೋಟ, ನೀರಿನ ಕೊಳ ಇದ್ದವು. ಗುಡಿಯ ಗೋಡೆಗೆ ಒರಗಿ ಕೂತಿದ್ದ ಜೋಗಿಯೊಬ್ಬ ಒಮ್ಮೆ ಗಟ್ಟಿಯಾಗಿ ಕೂಗಿದನಂತೆ, ಮರದಿಂದ ತೆಂಗಿನಕಾಯಿ ಬಿತ್ತಂತೆ. ಆ ನಡುಗಡ್ಡೆಯನ್ನು ಇತಿಹಾಸಕಾರರು ಅಂಜದೀವವೆಂದು ಗುರುತಿಸುತ್ತಾರೆ.

ಇದೇ ಬತೂತ 1333ರಲ್ಲಿ ಸಿಂಧೂ ನದಿ ದಾಟಿ ಭಾರತಕ್ಕೆ ಕಾಲಿಟ್ಟಾಗ ಜೊಂಡಿನ ಕಾಡಿನಿಂದ ಒಂದು ಘೇಂಡಾಮೃಗ ಹೊರಬಿದ್ದಿತ್ತು. ಕಪ್ಪು ಮೈ, ಭಾರೀ ತಲೆ. ಅವನ ತಂಡದ ಸವಾರನೊಬ್ಬನ ಕುದುರೆಯ ತೊಡೆಗೆ ಕೊಂಬು ತೂರಿಸಿ ಕುದುರೆಯನ್ನು ಕೆಡವಿ, ಮತ್ತೆ ಪೊದೆ ಸೇರಿತು. ಕಂಡದ್ದನ್ನೆಲ್ಲ ಬರೆದಿಡುವ ಮನುಷ್ಯ ಅವನು. ಹೊನ್ನಾವರದ ಹೆಣ್ಣುಮಕ್ಕಳ ಶಾಲೆಗಳನ್ನೂ ಎಣಿಸಿದ್ದಾನೆ, ಊಟ ಬಡಿಸುವ ಕ್ರಮವನ್ನೂ ವರ್ಣಿಸಿದ್ದಾನೆ. ಆದರೆ ಈ ಕರಾವಳಿಯ ಪುಟಗಳಲ್ಲಿ ಘೇಂಡಾಮೃಗದ ಸುದ್ದಿಯೇ ಇಲ್ಲ.

ಇಲ್ಲದಿರುವುದು ಸಹಜವೇ. ಇತಿಹಾಸ ಬಲ್ಲ ಕಾಲದಲ್ಲಿ ಕಾರವಾರ, ಅಂಕೋಲೆಯ ಕಾಡುಗಳಲ್ಲಿ ಈ ಪ್ರಾಣಿ ಇರಲಿಲ್ಲ. ಹುಲಿ, ಚಿರತೆ, ಕಾಡುಕೋಣ, ಕಡವೆ, ಕರಡಿ ಇದ್ದವು. ಇವತ್ತಿಗೂ ಕದ್ರಾ, ಅಣಶಿಯ ಕಡೆ ಇವೆ. ಆದರೆ ಘೇಂಡಾಮೃಗದ ಕಥೆಗೂ ಈ ಕರಾವಳಿಗೂ ನಂಟೇ ಇಲ್ಲವೆನ್ನಲಾಗದು. ಅದರ ಕೊಂಬು ಈ ಅರಬ್ಬೀ ಸಮುದ್ರದ ಸರಕು. ಅದರ ಬಗೆಗಿನ ನಂಬಿಕೆಗಳು ಬಂದರಿನಿಂದ ಬಂದರಿಗೆ ಹಡಗಿನಲ್ಲೇ ಓಡಾಡಿದವು. ಒಮ್ಮೆ ಒಂದು ಜೀವಂತ ಘೇಂಡಾವೇ ಕಾರವಾರದಿಂದ ನೂರು ಕಿಲೋಮೀಟರಿಗೂ ಹತ್ತಿರದಲ್ಲಿ, ಗೋವೆಯಲ್ಲಿ, ಕೆಲವು ತಿಂಗಳು ಕಟ್ಟಿಹಾಕಿಸಿಕೊಂಡು ನಿಂತಿತ್ತು. ಈ ಪ್ರಾಣಿ ಹೇಗೆ ಅಳಿವಿನ ಅಂಚಿಗೆ ಬಂತು ಎಂದು ಕೇಳಿದರೆ ಎಲ್ಲರೂ ಕಾಡಿನತ್ತ ಬೆರಳು ತೋರಿಸುತ್ತಾರೆ. ಬಂದರಿನತ್ತಲೂ ತೋರಿಸಬೇಕು.

ಮೊದಲು ಘಟ್ಟದ ಆಚೆಗೆ ಹೋಗೋಣ. ಕರ್ನಾಟಕದ ನೆಲದಲ್ಲಿ ಘೇಂಡಾಮೃಗ ಓಡಾಡಿದ್ದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಗೋಕಾಕದ ಬಳಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್, 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಹೆಕ್ಕಿ ಹೆಸರಾದವನು, ಮುಂದೆ ಘಟಪ್ರಭೆಯ ಸೀಮೆಯಲ್ಲಿ ಸುತ್ತುವಾಗ ತಾನು ಚಿಕ್‌ದೌಲಿ ಎಂದು ಬರೆದುಕೊಂಡ ಹಳ್ಳಿಯ ಹತ್ತಿರ ಹಳ್ಳದ ದಂಡೆಯ ಮಣ್ಣಿನಲ್ಲಿ ಹಳೆಯ ಎಲುಬು, ಹಲ್ಲು ಕಂಡ. ಅವು ಅಳಿದುಹೋದ ಒಂದು ಘೇಂಡಾ ಜಾತಿಯವೆಂದು ತೀರ್ಮಾನಿಸಿ 1874ರಲ್ಲಿ ಅದಕ್ಕೆ ‘ರೈನೋಸೆರಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಟ್ಟು ಪ್ರಕಟಿಸಿದ. ದಖ್ಖನ್ನಿನ ಹೆಸರು ಹೊತ್ತ ಘೇಂಡಾ! ಹತ್ತು ವರ್ಷದ ನಂತರ, 1884ರಲ್ಲಿ, ಕರ್ನೂಲಿನ ಬಿಲ್ಲಾ ಸುರ್ಗಂ ಗವಿಗಳಲ್ಲಿ ಫೂಟ್ ಮತ್ತು ಅವನ ಮಗ ಹೆನ್ರಿ ಅಗೆದಾಗ ಇನ್ನೊಂದು ಘೇಂಡಾದ ಅವಶೇಷ ಸಿಕ್ಕಿತು. ಹಾಗಾದರೆ ಬಯಲುಸೀಮೆ ಒಂದು ಕಾಲಕ್ಕೆ ಈ ಪ್ರಾಣಿ ಕೆಸರಲ್ಲಿ ಹೊರಳಾಡುವಷ್ಟು ನೀರು, ಹುಲ್ಲು ಇದ್ದ ನಾಡು. ಅಲ್ಲಿಂದ ಅದು ಮರೆಯಾದದ್ದು ಎಷ್ಟೋ ಹಿಂದೆ.

ಮೃಗ ಹೋದರೂ ರೂಪ ಉಳಿಯಿತು. ಜೈನರ ಹನ್ನೊಂದನೆಯ ತೀರ್ಥಂಕರ ಶ್ರೇಯಾಂಸನಾಥನ ಲಾಂಛನ ಘೇಂಡಾಮೃಗ. ಗೇರುಸೊಪ್ಪೆ, ಹಾಡುವಳ್ಳಿಯಂಥ ಜೈನ ಕೇಂದ್ರಗಳು ಮೆರೆದ ಈ ಜಿಲ್ಲೆಯಲ್ಲಿ, ಕಣ್ಣಾರೆ ಕಾಣದವರೂ ಆ ಹೆಸರನ್ನು ಇಪ್ಪತ್ನಾಲ್ಕು ಲಾಂಛನಗಳ ಸಾಲಿನಲ್ಲಿ ಬಲ್ಲವರಾಗಿದ್ದರು. ವೈದಿಕರಿಗೆ ಇದರ ಪರಿಚಯ ಶ್ರಾದ್ಧದ ಮೂಲಕ. ಖಡ್ಗಮೃಗದ ಮಾಂಸದಿಂದ ಪಿತೃಗಳಿಗೆ ಅನಂತ ಕಾಲದ ತೃಪ್ತಿ ಎನ್ನುತ್ತದೆ ಮನುಸ್ಮೃತಿ. ತರ್ಪಣಕ್ಕೆ ಖಡ್ಗಪಾತ್ರೆ, ಅಂದರೆ ಅದರ ಕೊಂಬಿನಿಂದ ಕೊರೆದ ಪಾತ್ರೆ, ಶ್ರೇಷ್ಠವೆಂದು ಧರ್ಮಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಅಂಕೋಲೆಯಿಂದ ಗಂಗಾವಳಿ ದಾಟಿದರೆ ಸಿಗುವ ಗೋಕರ್ಣ ಪಿತೃಕಾರ್ಯಕ್ಕೆ ಹೆಸರಾದ ಕ್ಷೇತ್ರ. ಅಲ್ಲಿ ಇಂದು ಎಳ್ಳು, ದರ್ಭೆ, ತಾಮ್ರದ ಪಾತ್ರೆಯಲ್ಲಿ ಕಾರ್ಯ ಮುಗಿಯುತ್ತದೆ; ಪಿತೃಗಳು ಬೇಸರಿಸಿದ ಸುದ್ದಿಯಿಲ್ಲ. ನೇಪಾಳದಲ್ಲಿ ಮಾತ್ರ ಕೊಂಬಿನ ಪಾತ್ರೆಯ ಬಳಕೆ ತೀರ ಈಚಿನವರೆಗೂ ಉಳಿದಿತ್ತು.

ಕೊಂಬಿನ ಸಮುದ್ರ ವ್ಯಾಪಾರವಂತೂ ಬಹಳ ಹಳೆಯದು. ಕ್ರಿಸ್ತಶಕ ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕರ ಕೈಪಿಡಿ ಕೆಂಪು ಸಮುದ್ರದ ಅಡೂಲಿಸ್, ಪೂರ್ವ ಆಫ್ರಿಕದ ರಾಪ್ಟ ಬಂದರುಗಳಿಂದ ಆನೆದಂತದ ಜೊತೆ ಘೇಂಡಾದ ಕೊಂಬು ಹೊರಡುತ್ತಿತ್ತೆಂದು ಪಟ್ಟಿ ಮಾಡಿದೆ. ಅದೇ ಕೈಪಿಡಿ ನಮ್ಮ ಪಡುವಣ ಕರಾವಳಿಯ ಬಂದರುಗಳನ್ನೂ ಒಂದೊಂದಾಗಿ ಹೆಸರಿಸುತ್ತ ದಕ್ಷಿಣಕ್ಕೆ ಇಳಿಯುತ್ತದೆ.

ಹದಿನಾರನೆಯ ಶತಮಾನಕ್ಕೆ ಬರೋಣ. ಕಾಳಿ ನದಿಯ ಅಳಿವೆಯ ಬಲದಂಡೆಯಲ್ಲಿ, ಇಂದಿನ ಸದಾಶಿವಗಡದ ಪಕ್ಕ, ಚಿತ್ತಾಕುಲ ಎಂಬ ಊರು ಈಗಲೂ ಇದೆ. ಪೋರ್ತುಗೀಜರ ಬಾಯಲ್ಲಿ ಅದು ಸಿಂತಾಕೋರ. ಬಿಜಾಪುರದ ಕೈಯಲ್ಲಿದ್ದ ಕೋಟೆ, ಬಂದರು. ಇಟಲಿಯ ಲುಡೊವಿಕೊ ವರ್ತೆಮ ಅಂಜದೀವವನ್ನೂ ಈ ಊರನ್ನೂ ನೋಡಿ ಹೋದವನು. ಅವನ ಪ್ರವಾಸ ಕಥನ 1510ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಇಲ್ಲಿನ ಕಾಡಿನಲ್ಲಿ ಹಂದಿ, ಜಿಂಕೆ, ತೋಳ, ನವಿಲು, ಗಿಳಿ ಯಥೇಚ್ಛ ಎನ್ನುತ್ತಾನೆ. ಸಿಂಹವನ್ನೂ ಸೇರಿಸಿಬಿಟ್ಟಿದ್ದಾನೆ! ಕಾರವಾರದ ಕಾಡಿಗೆ ಸಿಂಹ ಬಿಟ್ಟವನು ಕೂಡ ಘೇಂಡಾ ಬಿಡಲಿಲ್ಲ ಎನ್ನುವುದನ್ನು ಗಮನಿಸಬೇಕು.

ಅದೇ 1510ರಲ್ಲಿ ಅಫೊನ್ಸೊ ಡ ಅಲ್ಬುಕರ್ಕ್ ಗೋವೆಯನ್ನು ಬಿಜಾಪುರದಿಂದ ಕಿತ್ತುಕೊಂಡ. ದಾರಿ ತೋರಿಸಿದವನು ಹೊನ್ನಾವರದ ನೌಕಾಪಡೆಯ ತಿಮ್ಮಯ್ಯ, ಪೋರ್ತುಗೀಜರ ‘ತಿಮೋಜ’. ಗೋವೆ ಕೈಗೆ ಬಂದ ಮೇಲೆ ಅಲ್ಬುಕರ್ಕನ ಕಣ್ಣು ಗುಜರಾತಿನ ದೀವ್ ಮೇಲೆ ಬಿತ್ತು. 1514ರಲ್ಲಿ ಅಲ್ಲಿ ಕೋಟೆ ಕಟ್ಟಲು ಅನುಮತಿ ಕೇಳಿ ಸುಲ್ತಾನ ಎರಡನೆಯ ಮುಜಫರ್ ಶಾಹನಲ್ಲಿಗೆ ರಾಯಭಾರ ಕಳಿಸಿದ. ಕೋಟೆಗೆ ಜಾಗ ಸಿಗಲಿಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ಸುಲ್ತಾನ ಉಡುಗೊರೆಗಳನ್ನು ಕೊಟ್ಟ. ಅವುಗಳಲ್ಲಿ ಒಂದು ಸಾಕಿದ ಘೇಂಡಾಮೃಗವೂ ಇತ್ತು. ಟನ್ನುಗಟ್ಟಲೆ ತೂಗುವ ಉಡುಗೊರೆ ಗೋವೆಗೆ ಬಂದಿಳಿದಾಗ ಅಲ್ಬುಕರ್ಕನಿಗೆ ಇದನ್ನು ಏನು ಮಾಡುವುದೆಂಬ ಚಿಂತೆ ಹತ್ತಿರಬೇಕು. ಅವನು ಅದನ್ನು ತನ್ನ ದೊರೆ ಮೊದಲನೆಯ ಮನುವೆಲನಿಗೆ ದಾಟಿಸಿದ.

1515ರ ಜನವರಿಯಲ್ಲಿ ‘ನೊಸ್ಸ ಸೆನ್ಯೋರ ಡ ಅಜುಡ’ ಎಂಬ ಹಡಗು ಸಂಬಾರ ಪದಾರ್ಥ ತುಂಬಿಕೊಂಡು ಹೊರಟಿತು. ಜೊತೆಗೆ ಆ ಪ್ರಾಣಿ ಮತ್ತು ಅದನ್ನು ನೋಡಿಕೊಳ್ಳಲು ಓಸೆಂ ಎಂಬ ಹೆಸರಿನ ಭಾರತೀಯ ಮಾವುತ. ಮೊಜಾಂಬಿಕ್, ಸೇಂಟ್ ಹೆಲೆನಾ, ಅಜೋರ್ಸ್‌ಗಳಲ್ಲಿ ಅಲ್ಪಸ್ವಲ್ಪ ನಿಂತು, ಸುಮಾರು 120 ದಿನಗಳ ನಂತರ ಮೇ 20ರಂದು ಲಿಸ್ಬನ್ ಮುಟ್ಟಿತು. ರೋಮನ್ನರ ಕಾಲದ ನಂತರ ಯುರೋಪ್ ಜೀವಂತ ಘೇಂಡಾವನ್ನು ಕಂಡಿರಲಿಲ್ಲ. ಆನೆಗೂ ಘೇಂಡಾಕ್ಕೂ ಹುಟ್ಟುಹಗೆ ಎಂಬ ರೋಮನ್ ಲೇಖಕ ಪ್ಲಿನಿಯ ಮಾತನ್ನು ಪರೀಕ್ಷಿಸುವ ಉಮೇದು ಅರಸನಿಗೆ. ಜೂನ್ 3ರಂದು ಜನ ಸೇರಿಸಿ ಒಂದು ಮರಿಯಾನೆಯನ್ನು ಎದುರು ಬಿಟ್ಟರು. ಘೇಂಡಾ ನಿಧಾನವಾಗಿ ಮುಂದೆ ಬಂತು. ಆನೆ ಗಾಬರಿಯಾಗಿ ಓಡಿಹೋಯಿತು. ಜಗಳ ನೋಡಲು ಬಂದವರಿಗೆ ಅಷ್ಟೇ ಸಿಕ್ಕಿದ್ದು.

ಆ ಹೊತ್ತಿಗೆ ಸುದ್ದಿ ಜರ್ಮನಿಯ ನ್ಯೂರೆಂಬರ್ಗ್ ತಲುಪಿತ್ತು. ಒಂದು ಪತ್ರ, ಒಂದು ರೇಖಾಚಿತ್ರ ಆಲ್ಬ್ರೆಕ್ಟ್ ಡ್ಯೂರರನ ಕೈಗೆ ಬಂತು. ಪ್ರಾಣಿಯನ್ನು ಕಣ್ಣಿಂದ ನೋಡದ ಆ ಕಲಾವಿದ ಮರದಚ್ಚಿನಲ್ಲಿ ಘೇಂಡಾ ಕೊರೆದ: ಯೋಧನ ಕವಚದಂತೆ ತಗಡು ಜೋಡಿಸಿದ ಮೈ, ಹುರುಪೆ ತುಂಬಿದ ಕಾಲು, ಹೆಗಲ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬು. ಆ ಚಿತ್ರ ಇನ್ನೂರು ವರ್ಷಕ್ಕೂ ಮಿಕ್ಕಿ ಯುರೋಪಿನ ಪುಸ್ತಕಗಳಲ್ಲಿ ಅಸಲಿ ಘೇಂಡಾವೆಂದು ಚಲಾವಣೆಯಾಯಿತು. ಚಿತ್ರದ ಮೂಲ ಪ್ರಾಣಿಯ ಗತಿ ಬೇರೆ. ಮನುವೆಲ್ ಅದನ್ನು ಪೋಪ್ ಹತ್ತನೆಯ ಲಿಯೊಗೆ ಕಾಣಿಕೆಯಾಗಿ 1515ರ ಡಿಸೆಂಬರಿನಲ್ಲಿ ಮತ್ತೆ ಹಡಗು ಹತ್ತಿಸಿದ. ಮಾರ್ಸೇಲ್ ಬಳಿ ಫ್ರಾನ್ಸಿನ ದೊರೆಯೂ ಒಮ್ಮೆ ನೋಡಿದ. 1516ರ ಆರಂಭದಲ್ಲಿ ಇಟಲಿಯ ಪೋರ್ತೊವೆನೆರೆಯ ಹತ್ತಿರ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಈಜಬಲ್ಲ ಪ್ರಾಣಿಯೇ ಅದು. ಆದರೆ ಕಾಲಿಗೆ ಸರಪಳಿ ಬಿಗಿದಿದ್ದರು.

ಈ ಘೇಂಡಾಕ್ಕೆ ಗೋವೆ ಒಂದು ನಿಲ್ದಾಣವಷ್ಟೇ. ಹದಿನಾರನೆಯ ಶತಮಾನದ ಉಳಿದ ದಿನಗಳಲ್ಲಿ ಅದೇ ಗೋವೆಗೆ ಬರುತ್ತಿದ್ದದ್ದು ಕೊಂಬು. ಗೋವೆಯಲ್ಲಿ ವೈದ್ಯನಾಗಿದ್ದ ಗಾರ್ಸಿಯಾ ಡ ಒರ್ತ 1563ರಲ್ಲಿ ಅಲ್ಲೇ ಅಚ್ಚಾದ ತನ್ನ ಔಷಧ ಗ್ರಂಥದಲ್ಲಿ ಬಂಗಾಳದವರು ಇದನ್ನು ವಿಷಕ್ಕೆ ಮದ್ದಾಗಿ ಬಳಸುವುದನ್ನು ಹೇಳಿದ. 1583ರಿಂದ 1588ರವರೆಗೆ ಗೋವೆಯ ಆರ್ಚ್‌ಬಿಷಪ್‌ನ ಕಾರ್ಯದರ್ಶಿಯಾಗಿದ್ದ ಡಚ್ಚ ಲಿನ್ಸ್‌ಕೋಟೆನ್ ಇನ್ನೂ ಸ್ಪಷ್ಟ: ಈ ಕಡೆಯಲ್ಲಿ ಘೇಂಡಾ ಇಲ್ಲ, ಇರುವುದು ಬಂಗಾಳದಲ್ಲಿ ಮತ್ತು ಅವನು ಪಟಾನೆ ಎಂದು ಕರೆಯುವ ಸೀಮೆಯಲ್ಲಿ, ಕೊಂಬಿಗೆ ವಿಷ ತೆಗೆಯುವ ಗುಣವಿದೆಯೆಂದು ಬೇಡಿಕೆ. ಅರಸರ ಮನೆಗಳಲ್ಲಿ ಊಟಕ್ಕೆ ವಿಷ ಬೆರೆಸುವ ಭಯ ಇದ್ದ ಕಾಲ ಅದು. ಕೊಂಬಿನ ಬಟ್ಟಲಲ್ಲಿ ವಿಷ ಹಾಕಿದರೆ ಪಾನೀಯ ನೊರೆಗಟ್ಟುತ್ತದೆ ಎಂದು ಲಿಸ್ಬನ್ನಿನಿಂದ ಚೀನಾದವರೆಗೂ ನಂಬಿದ್ದರು. ಕೊಂಬಿನ ಅಸಲಿ ವಸ್ತು ಕೆರಾಟಿನ್. ನಮ್ಮ ಬೆರಳ ಉಗುರಿನದೂ ಅದೇ.

ಇಲ್ಲಿ ಒಂದು ಎಳೆ ಹಿಡಿಯಬೇಕು. ಬಂಗಾಳದ ಘೇಂಡಾ ಎಂದರೆ ಒಂದೇ ಜಾತಿಯಲ್ಲ. ಬ್ರಹ್ಮಪುತ್ರದ ಹುಲ್ಲುಗಾವಲಿನದು ನಾವು ಕಾಜಿರಂಗದಲ್ಲಿ ನೋಡುವ ದೊಡ್ಡ ಒಂಟಿಕೊಂಬಿನ ಘೇಂಡಾ. ಸುಂದರಬನದ ಕೆಸರುಗಾಡಿನಲ್ಲಿ ಇದ್ದದ್ದು ಅದಕ್ಕಿಂತ ಚಿಕ್ಕದಾದ, ಇವತ್ತು ಜಾವಾ ಘೇಂಡಾ ಎಂದು ಕರೆಯುವ ಜಾತಿ. ಚಿತ್ತಗಾಂಗಿನ ಗುಡ್ಡಗಳಲ್ಲಿ ಮೈಮೇಲೆ ಕೂದಲಿರುವ, ಎರಡು ಕೊಂಬಿನ ಸುಮಾತ್ರಾ ಘೇಂಡಾ. ಗೋವೆಯ ಪೇಟೆಗೆ ಬಂದ ಬಂಗಾಳದ ಕೊಂಬು ಈ ಮೂರರಲ್ಲಿ ಯಾವುದರದೂ ಆಗಿರಬಹುದಿತ್ತು. ಕೊಳ್ಳುವವನಿಗೆ ಆ ಭೇದ ಬೇಕಿರಲಿಲ್ಲ. ಅವುಗಳಲ್ಲಿ ಎರಡು ಜಾತಿ ಇಂದು ಅಳಿವಿನ ಕಟ್ಟಕಡೆಯ ಮೆಟ್ಟಿಲ ಮೇಲಿವೆ, ಭಾರತದಿಂದಂತೂ ಪೂರ್ತಿ ಹೋಗಿವೆ.

ಕಾರವಾರಕ್ಕೆ ಇಂಗ್ಲಿಷರು ಬಂದು ಕೋಠಿ ಹಾಕಿದ್ದು 1638ರಲ್ಲಿ, ಕೋರ್ಟಿನ್ ಕಂಪನಿಯ ಹೆಸರಿನಲ್ಲಿ. ಕಾಳುಮೆಣಸು, ಏಲಕ್ಕಿ, ಹುಬ್ಬಳ್ಳಿಯ ಸೀಮೆಯಲ್ಲಿ ನೇಯ್ದ ನಯವಾದ ಮಲಮಲ್ ಬಟ್ಟೆ ಅವರ ಸರಕು. ಪ್ರಾಣಿಯ ವಿಷಯದಲ್ಲಿ ಈ ಕೋಠಿಯ ಇತಿಹಾಸ ವಿಚಿತ್ರ. 1684ರಲ್ಲಿ ಒಂದು ಇಂಗ್ಲಿಷ್ ಹಡಗಿನವರು ಆಕಳು ಕದ್ದು ಕೊಂದರೆಂದು ಊರವರು ರೊಚ್ಚಿಗೆದ್ದು ಇಂಗ್ಲಿಷರನ್ನು ಓಡಿಸುವುದೊಂದೇ ಬಾಕಿ. ಅದೇ ಇಂಗ್ಲಿಷರು ಕಾಡಿಗೆ ಶಿಕಾರಿಗೆ ಹೋದರೆ ಮಾತ್ರ ಊರ ಪ್ರಮುಖರೆಲ್ಲ ಆಳುಕಾಳುಗಳೊಂದಿಗೆ ವಾದ್ಯ ಬಾರಿಸುತ್ತ ಜೊತೆಗೆ ಹೊರಡುತ್ತಿದ್ದರೆಂದು ಕ್ಯಾಪ್ಟನ್ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1727ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಬೇಟೆಯ ಆಸೆಗೇ ಕಾರವಾರಕ್ಕೆ ಬಂದು ಉಳಿದ ಯುರೋಪಿಯನ್ನರೂ ಇದ್ದರಂತೆ. ಯಾವ ಪ್ರಾಣಿಗೆ ಕರುಣೆ, ಯಾವುದಕ್ಕೆ ಕೋವಿ ಎಂಬುದನ್ನು ಆಯಾ ಊರಿನ ರೂಢಿ ನಿರ್ಧರಿಸುತ್ತದೆ. ಅದಕ್ಕೆ ಬೇರೆ ತರ್ಕ ಹುಡುಕಿ ಪ್ರಯೋಜನವಿಲ್ಲ.

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, ಕಾರವಾರ ಜಿಲ್ಲಾ ಕೇಂದ್ರವಾಯಿತು. ಆಮೇಲಿನ ಐವತ್ತು ವರ್ಷ ಈ ಊರು ಕಂಡ ಪ್ರಕೃತಿ ಪ್ರೇಮಿಗಳ ಗುಂಪು ಸಣ್ಣದೇನಲ್ಲ. ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್, ‘ಇಹಾ’ ಎಂಬ ಅಂಕಿತದಲ್ಲಿ ಬರೆಯುತ್ತಿದ್ದವನು, ಇಲ್ಲಿನ ಕಾಡಿನಲ್ಲಿ ಅಲೆದು 1894ರಲ್ಲಿ ‘ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್’ ಪ್ರಕಟಿಸಿದ. 1883ರಲ್ಲಿ ಮುಂಬಯಿಯ ಪ್ರಕೃತಿ ಇತಿಹಾಸ ಸಂಸ್ಥೆ ಕಟ್ಟಿದವರಲ್ಲಿ ಅವನೂ ಒಬ್ಬ. ಅರಣ್ಯ ಇಲಾಖೆಯ ಥಾಮಸ್ ರೀಡ್ ಡೇವಿಸ್ ಬೆಲ್ ಇನ್ನೂ ಒಂದು ಹೆಜ್ಜೆ ಮುಂದೆ. ಐಟ್ಕನ್ ಮತ್ತು ಡೇವಿಡ್ಸನ್ ಎಂಬ ಇನ್ನೊಬ್ಬನ ಜೊತೆ ಸೇರಿ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬರೆದ, ಹುಳುಗಳನ್ನು ಸಾಕಿ ಅವು ಯಾವ ಎಲೆ ತಿನ್ನುತ್ತವೆಂದು ಗುರುತು ಹಾಕಿದ. ನಿವೃತ್ತಿಯ ನಂತರವೂ ತಾಯ್ನಾಡಿಗೆ ಮರಳದೆ ಕಾರವಾರದಲ್ಲೇ ಉಳಿದು 1948ರಲ್ಲಿ ಇಲ್ಲೇ ತೀರಿಕೊಂಡ.

ಒಂದೊಂದು ಚಿಟ್ಟೆಯ ರೆಕ್ಕೆಯ ಚುಕ್ಕೆಯನ್ನೂ ಬಿಡದೆ ದಾಖಲಿಸಿದ ಈ ಜನರ ಕಾಲದಲ್ಲೇ ಸರಕಾರ ಹುಲಿ ಕೊಂದವರಿಗೆ ಬಹುಮಾನ ಕೊಡುತ್ತಿತ್ತು. 1883ರ ಬಾಂಬೆ ಗೆಜೆಟಿಯರಿನ ಉತ್ತರ ಕನ್ನಡದ ಸಂಪುಟ ಕಾಡುಪ್ರಾಣಿಗಳ ಪಟ್ಟಿಯ ಜೊತೆಗೆ ಬೇಟೆಯ ಲೆಕ್ಕವನ್ನೂ ಕೊಡುತ್ತದೆ. ಅದೇ ವರ್ಷ, ಅದೇ ಹಿಂದೂ ಮಹಾಸಾಗರದ ಇನ್ನೊಂದು ಮೂಲೆಯಲ್ಲಿ, ಘೇಂಡಾಮೃಗದ ಹಣೆಬರಹ ಬದಲಾಯಿತು. ಬದಲಿಸಿದ್ದು ಜ್ವಾಲಾಮುಖಿ.

1883ರ ಆಗಸ್ಟಿನಲ್ಲಿ ಕ್ರಕಟೋವ ಸಿಡಿದು ಎದ್ದ ಅಲೆಗಳು ಜಾವಾದ ಪಶ್ಚಿಮ ತುದಿಯ ಉಜುಂಗ್ ಕುಲೋನ್ ಪರ್ಯಾಯ ದ್ವೀಪದ ಹಳ್ಳಿಗಳನ್ನು ಗುಡಿಸಿಹಾಕಿದವು. ಆ ದುರಂತದಲ್ಲಿ ಒಟ್ಟು ಸತ್ತವರು 36,000ಕ್ಕೂ ಹೆಚ್ಚು. ಉಜುಂಗ್ ಕುಲೋನ್‌ನಲ್ಲಿ ಜನ ಮತ್ತೆ ನೆಲೆ ನಿಲ್ಲಲಿಲ್ಲ, ಕಾಡು ಬೆಳೆಯಿತು, ಜಾವಾ ಘೇಂಡಾಗಳು ಉಳಿದುಕೊಂಡವು. ನೌಕಾನೆಲೆಗೆ ಊರು ಬಿಟ್ಟುಕೊಟ್ಟು ಎದ್ದ ಕಾರವಾರ, ಅಂಕೋಲೆಯ ಕುಟುಂಬಗಳಿಗೆ ತೆರವಾದ ಊರೆಂದರೆ ಏನೆಂದು ವಿವರಿಸಬೇಕಿಲ್ಲ. ಜಾವಾದ ಕಥೆಯನ್ನು ಕಾಡು ಗೆದ್ದ ಕಥೆಯೆಂದು ಸಲೀಸಾಗಿ ಹೇಳುವವರು ಆ ಹಳ್ಳಿಗಳ ಜನರನ್ನು ಮರೆಯುತ್ತಾರೆ. ವಿಚಿತ್ರವೆಂದರೆ, ಸಮುದ್ರಕ್ಕೆ ತಾಗಿದ ತಗ್ಗಿನ ದಟ್ಟ ಕಾಡು, ಸುರಿವ ಮಳೆ, ಕೆಸರು: ಘೇಂಡಾ ಉಳಿದ ಆ ಜಾಗದ ಚಹರೆ ನಮ್ಮ ಕರಾವಳಿಯದಕ್ಕೆ ಬಹಳ ಹತ್ತಿರ.

ಉಳಿದ ಕಡೆ ಜಾವಾ ಘೇಂಡಾ ಒಂದೊಂದಾಗಿ ನಂದಿಹೋಯಿತು. ಸುಂದರಬನದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಮುಗಿಯಿತು. ಬೋನಿನಲ್ಲಿದ್ದ ಕೊನೆಯದು 1907ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ಮೃಗಾಲಯದಲ್ಲಿ ಸತ್ತಿತು. ಬದುಕಿದ್ದಷ್ಟು ದಿನ ಅದನ್ನು ಭಾರತದ ಘೇಂಡಾವೆಂದೇ ತೋರಿಸುತ್ತಿದ್ದರು. ವಿಯೆಟ್ನಾಂನ ಕೊನೆಯ ಜಾವಾ ಘೇಂಡಾದ ಹೆಣ 2010ರಲ್ಲಿ ಕ್ಯಾಟ್ ಟಿಯೆನ್ ಉದ್ಯಾನದಲ್ಲಿ ಸಿಕ್ಕಿತು: ಕಾಲಲ್ಲಿ ಗುಂಡು, ಕೊಂಬು ಮಾಯ. ಉಜುಂಗ್ ಕುಲೋನ್‌ನಲ್ಲಿ ಸಂಖ್ಯೆ ಎಪ್ಪತ್ತು ದಾಟಿತೆಂದು ಜಗತ್ತು ಸಮಾಧಾನಪಡುತ್ತಿದ್ದಾಗ, 2019ರಿಂದ 2023ರೊಳಗೆ 26 ಘೇಂಡಾಗಳನ್ನು ಕೊಂದಿದ್ದೇವೆಂದು ಬಂಧಿತ ಕಳ್ಳಬೇಟೆಗಾರರು ಬಾಯಿಬಿಟ್ಟರು. ಈಗಿರುವುದು ಸುಮಾರು 50. ಇಡೀ ಭೂಮಿಯಲ್ಲಿ, ಒಂದೇ ಕಾಡಿನಲ್ಲಿ.

ಸುಮಾತ್ರಾ ಘೇಂಡಾದ ಲೆಕ್ಕ ಇನ್ನೂ ಕಡಿಮೆ. 34ರಿಂದ 47 ಎಂಬುದು ಈಚಿನ ಅಂದಾಜು. ಇದಕ್ಕೂ ಭಾರತಕ್ಕೂ ಒಂದು ಮರೆತ ನಂಟಿದೆ. 1868ರಲ್ಲಿ ಚಿತ್ತಗಾಂಗಿನ ಬಳಿ ಹೂತುಹೋಗುವ ಮರಳಿನಲ್ಲಿ ಸಿಕ್ಕಿಬಿದ್ದ ಹೆಣ್ಣೊಂದನ್ನು ಹಗ್ಗ ಕಟ್ಟಿ ಎಳೆದು ತಂದರು. ‘ಬೇಗಂ’ ಎಂಬ ಹೆಸರಿನಲ್ಲಿ ಅದು 1872ರಲ್ಲಿ ಲಂಡನ್ ಮೃಗಾಲಯ ಸೇರಿತು. 1889ರಲ್ಲಿ ಕಲ್ಕತ್ತೆಯ ಮೃಗಾಲಯದಲ್ಲಿ ಈ ಜಾತಿಯ ಮರಿ ಹುಟ್ಟಿತು. ಆಮೇಲೆ 112 ವರ್ಷ ಜಗತ್ತಿನ ಯಾವ ಮೃಗಾಲಯದಲ್ಲೂ ಇದು ಗರ್ಭ ಧರಿಸಿ ಈಯಲಿಲ್ಲ! 2001ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ‘ಅಂದಲಸ್’ ಹುಟ್ಟಿದ. ಅವನನ್ನು ಸುಮಾತ್ರಾದ ವೇ ಕಂಬಸ್‌ಗೆ ಕಳಿಸಿದರು, ಅಲ್ಲಿ 2012ರಲ್ಲಿ ಅವನ ಮಗ ‘ಅಂದತು’ ಹುಟ್ಟಿದ. ಆ ಮೇಲೂ ಮರಿಗಳಾಗಿವೆ. ಮಲೇಶಿಯದಲ್ಲಿ ಮಾತ್ರ 2019ರ ನವೆಂಬರಿನಲ್ಲಿ ‘ಇಮಾನ್’ ಎಂಬ ಹೆಣ್ಣು ಸತ್ತು ವಂಶ ಮುಗಿಯಿತು. ಸುಮಾತ್ರಾ ಘೇಂಡಾದ ಇಂದಿನ ಸಂಕಟಕ್ಕೆ ಬಂದೂಕಿನಷ್ಟೇ ಒಂಟಿತನವೂ ಕಾರಣ. ಗಂಡು ಒಂದು ಕಾಡಿನಲ್ಲಿ, ಹೆಣ್ಣು ಇನ್ನೊಂದರಲ್ಲಿ; ಬಹಳ ಕಾಲ ಕೂಡದ ಹೆಣ್ಣಿನ ಗರ್ಭಕೋಶಕ್ಕೆ ರೋಗ ಹತ್ತಿ ಮರಿ ನಿಲ್ಲುವುದೇ ಇಲ್ಲ.

ಕೊಂಬಿನ ಹಡಗು ದಾರಿ ನಮ್ಮ ಕಾಲದಲ್ಲೂ ಮುಚ್ಚಿರಲಿಲ್ಲ. ಆಫ್ರಿಕದ ಕಪ್ಪು ಘೇಂಡಾ 1970ರಲ್ಲಿ ಸುಮಾರು 65,000 ಇದ್ದದ್ದು 1995ರ ಹೊತ್ತಿಗೆ 2,400ಕ್ಕೆ ಇಳಿಯಿತು. ಪೆರಿಪ್ಲಸ್ ಬರೆದವನು ಕಂಡ ಅದೇ ನೀರಿನಲ್ಲಿ, ಎಪ್ಪತ್ತರ ದಶಕದ ತೈಲದ ದುಡ್ಡಿನ ಬಲದಿಂದ, ಕೊಂಬು ಯೆಮೆನ್‌ಗೆ ಹೋಗಿ ಗಂಡಸರ ಸೊಂಟದ ಜಂಬಿಯಾ ಕತ್ತಿಗೆ ಹಿಡಿಕೆಯಾಗುತ್ತಿತ್ತು. ಉಳಿದದ್ದು ಪೂರ್ವ ಏಷ್ಯದ ಔಷಧದ ಅಂಗಡಿಗೆ, ಜ್ವರದ ಮದ್ದೆಂದು. 1977ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಂತು, 1993ರಲ್ಲಿ ಚೀನಾ ಒಳಗಿನ ವ್ಯಾಪಾರವನ್ನೂ ನಿಲ್ಲಿಸಿತು. ಕಪ್ಪು ಘೇಂಡಾ ಈಗ 6,000 ದಾಟಿದೆ, ಆದರೂ ತೀವ್ರ ಅಪಾಯದ ಪಟ್ಟಿಯಿಂದ ಹೊರಬಂದಿಲ್ಲ.

ಭಾರತದ ದೊಡ್ಡ ಘೇಂಡಾ ಬದುಕಿದ್ದು ಅಸ್ಸಾಮಿನಿಂದ. ಚಹಾ ತೋಟ, ಬೇಸಾಯ, ಶಿಕಾರಿ ಮೂರೂ ಸೇರಿ ಇಪ್ಪತ್ತನೆಯ ಶತಮಾನದ ಮೊದಲಿಗೆ ಕಾಜಿರಂಗದಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. 1908ರಲ್ಲಿ ಅದು ರಕ್ಷಿತಾರಣ್ಯವಾಯಿತು, 1974ರಲ್ಲಿ ರಾಷ್ಟ್ರೀಯ ಉದ್ಯಾನ. 2022ರ ಗಣತಿಯಲ್ಲಿ 2,613. ಇದಕ್ಕಿಂತ ಮುಖ್ಯವೆಂದು ನನಗನಿಸುವುದು 2021ರ ಸೆಪ್ಟೆಂಬರ್ 22ರ ಘಟನೆ. ದಶಕಗಳಿಂದ ಖಜಾನೆಯಲ್ಲಿ ಕೂಡಿಟ್ಟಿದ್ದ 2,479 ಕೊಂಬುಗಳನ್ನು ಅಸ್ಸಾಂ ಸರಕಾರ ಬೊಕಾಖಾತಿನಲ್ಲಿ ಸಾರ್ವಜನಿಕವಾಗಿ ಸುಟ್ಟುಹಾಕಿತು. ಮಾರಿದ್ದರೆ ಕೋಟಿಗಟ್ಟಲೆ ಬರುತ್ತಿತ್ತಲ್ಲ ಎಂದು ಲೆಕ್ಕ ಹಾಕಿದವರು ಆಗಲೂ ಇದ್ದರು. ಆ ಲೆಕ್ಕವೇ ರೋಗ. ಕಾವಲುಗಾರರ ಕೋವಿ ಬೇಟೆಗಾರನನ್ನು ತಡೆಯಬಹುದು; ಕೊಂಬಿಗೆ ಬೆಲೆಯೇ ಇಲ್ಲವೆಂದು ಸಾರುವುದು ವ್ಯಾಪಾರಿಯನ್ನು ತಡೆಯುವ ದಾರಿ.

ಇದನ್ನೆಲ್ಲ ದೂರದ ನಾಡಿನ ಕಥೆಯೆಂದು ಕಾರವಾರ, ಅಂಕೋಲೆಯವರು ಬದಿಗಿಡುವಂತಿಲ್ಲ. ಪ್ರಾಣಿಯ ತುಂಡಿಗೆ ಪ್ರತಿಷ್ಠೆ ಅಂಟಿಸುವ ಚಟ ನಮ್ಮ ಮನೆಗಳಲ್ಲೂ ಇದೆ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪದಕ ಧರಿಸಿದ್ದಕ್ಕೆ ಕನ್ನಡದ ಟೀವಿ ರಿಯಾಲಿಟಿ ಷೋ ಒಂದರ ಸ್ಪರ್ಧಿಯ ಬಂಧನವಾದಾಗ ರಾಜ್ಯದಲ್ಲಿ ಎಷ್ಟು ಕೊರಳುಗಳು ಒಮ್ಮೆಲೆ ಬರಿದಾದವೆಂದು ಎಲ್ಲರಿಗೂ ಗೊತ್ತು. ಘಟ್ಟದ ಚಿಪ್ಪುಹಂದಿಯ ಚಿಪ್ಪು ಹಿಡಿದುಕೊಂಡು ಗಿರಾಕಿ ಹುಡುಕುವವರು ಆಗಾಗ ಸಿಕ್ಕಿಬೀಳುತ್ತಾರೆ. ಆ ಚಿಪ್ಪೂ ಕೆರಾಟಿನ್, ಹುಲಿಯ ಉಗುರೂ ಕೆರಾಟಿನ್. ಕಡಲ ಕಡೆ ತಿಮಿಂಗಿಲದ ವಾಂತಿಯೆಂದು ಜನ ಕರೆಯುವ ಅಂಬರ್‌ಗ್ರೀಸ್ ಹೊಸ ಹುಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವುಗಳಲ್ಲಿ ಯಾವುದನ್ನು ಮಾರುವುದೂ ಅಪರಾಧ. ಅಜ್ಜನ ಕಾಲದ್ದು ಎಂಬ ಬರೀ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

2021ರಲ್ಲಿ ಇದೇ ಜಿಲ್ಲೆಯ ಮುರುಡೇಶ್ವರದ ದಡದಲ್ಲಿ ಮೀನುಗಾರರೊಬ್ಬರಿಗೆ ಸುಮಾರು ಒಂದು ಕಿಲೋ ತೂಕದ ಅಂಬರ್‌ಗ್ರೀಸ್ ಸಿಕ್ಕಿತು. ಕೋಟಿ ಬೆಲೆಯ ಸುದ್ದಿ ಊರೆಲ್ಲ ಹಬ್ಬಿತ್ತು. ಅವರು ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಿದರು. ನಿಮ್ಮ ದಕ್ಕೆಯಲ್ಲೋ ತೋಟದಲ್ಲೋ ಪರಿಚಯದವರ ಅಂಗಡಿಯಲ್ಲೋ ಅಂಥದ್ದೇನಾದರೂ ಕಂಡರೆ ಇಲಾಖೆಯ ಸಹಾಯವಾಣಿಯ ಸಂಖ್ಯೆ 1926. ಕರೆ ಮಾಡಿ.